ಕಡ್ಲೆಕಾಯಿ, ನೇರಳೆ, ನೆಲ್ಲಿಕಾಯಿ ಸಾಕು: ನಟ್ಸ್ ಮತ್ತು ಬೆರ್ರಿನ ದಿನದ ಊಟಕ್ಕೆ ಸೇರಿಸ್ಕೊಳ್ಳೋದು ಹೇಗೆ

ನಟ್ಸ್ ತಿನ್ನಿ, ಬೆರ್ರಿ ತಿನ್ನಿ ಅಂತ ಎಲ್ಲಾ ಕಡೆ ಹೇಳ್ತಾರೆ, ಆದ್ರೆ ಯಾವ್ದು, ಎಷ್ಟು, ಯಾವಾಗ, ಎಷ್ಟು ದುಡ್ಡಿಗೆ ಅಂತ ಕೇಳಿದ್ರೆ ಮಾತು ಅಲ್ಲಿಗೇ ನಿಂತೋಗುತ್ತೆ. ಸೂಪರ್ ಮಾರ್ಕೆಟ್‌ಗೆ ಹೋದ್ರೆ ಒಂದು ಹಿಡಿಯಷ್ಟು ಬ್ಲೂಬೆರ್ರಿ ಇರೋ ಪ್ಲಾಸ್ಟಿಕ್ ಡಬ್ಬಿ, ಪಕ್ಕದ ಸಾಲಲ್ಲಿ ಮಾಮ್ರಾ ಬಾದಾಮಿ, ರೇಟ್ ನೋಡಿ ಇದೆಲ್ಲ ನಮಗಲ್ಲ ಬಿಡು ಅಂತ ಬಿಸ್ಕೆಟ್ ಪ್ಯಾಕ್ ತಗೊಂಡು ವಾಪಸ್ ಬರ್ತೀವಿ. ಆ ಡಬ್ಬಿ ಬೇಡ್ವೇ ಬೇಡ. ಹಾರ್ಟಿಗೆ, ಕೊಲೆಸ್ಟ್ರಾಲ್‌ಗೆ, ಹೊಟ್ಟೆಗೆ ಏನು ಒಳ್ಳೇದು ಅಂತ ಹೇಳ್ತಾರೋ ಅದ್ರಲ್ಲಿ ಮುಕ್ಕಾಲು ಪಾಲು ನಮ್ಮ ಸಂತೆಯಲ್ಲಿ, ತಳ್ಳೋ ಗಾಡೀಲಿ, ಕೆಲವರಿಗೆ ಹಿತ್ಲಲ್ಲೇ ಸಿಗುತ್ತೆ. ಕೆಳಗೆ ಒಂದೊಂದೇ ಹೆಜ್ಜೆ ಬರ್ದಿದೀನಿ, ಈ ತಿಂಗಳ ಸಾಮಾನು ತರೋವಾಗಿಂದ್ಲೇ ಶುರು ಮಾಡ್ಬೋದು.

1. ಮೊದ್ಲು ಅಳತೆ ಫಿಕ್ಸ್ ಮಾಡ್ಕೊಳಿ

ದಿನಕ್ಕೆ 30 ಗ್ರಾಂ ಅಂತ ಇಟ್ಕೊಳಿ, ಅಂದ್ರೆ ದೊಡ್ಡೋರ ಕೈಯಲ್ಲಿ ಒಂದು ಹಿಡಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು 2024ರಲ್ಲಿ ಕೊಟ್ಟ ಆಹಾರ ಮಾರ್ಗಸೂಚಿಯಲ್ಲೂ 2000 ಕ್ಯಾಲರಿ ಊಟಕ್ಕೆ ನಟ್ಸು ಬೀಜ ಎಲ್ಲ ಸೇರಿ ಸುಮಾರು 35 ಗ್ರಾಂ ಅಂತಾನೇ ಇದೆ. ಎಣಿಸೋದಾದ್ರೆ ಬಾದಾಮಿ ಒಂದೇ ತಿಂದ್ರೆ 23-24, ಅಕ್ರೋಟ್ ಒಂದೇ ಆದ್ರೆ ಏಳು ಇಡೀ ಕಾಯಿ ಅಂದ್ರೆ 14 ಅರ್ಧ ಹೋಳು, ಗೋಡಂಬಿ 16-18, ಪಿಸ್ತಾ 50ರ ಹತ್ರ. ಮಿಕ್ಸ್ ಮಾಡೋರಿಗೆ ನಾನು ಹೇಳೋ ಲೆಕ್ಕ ಇಷ್ಟೆ: ಎಂಟು ಬಾದಾಮಿ, ಎರಡು ಅಕ್ರೋಟ್, ಮಿಕ್ಕಿದ್ದು ಹುರಿದ ಕಡ್ಲೆಕಾಯಿ ಬೀಜ ಒಂದು ದೊಡ್ಡ ಚಮಚ ತುಂಬಿ. ಬಜೆಟ್ ಟೈಟ್ ಇದ್ರೆ ಪೂರ್ತಿ ಕಡ್ಲೆಕಾಯೀನೇ ಇರ್ಲಿ, ಏನೂ ಲಾಸ್ ಇಲ್ಲ.

ಈ 30 ಗ್ರಾಂ ಗಾಳಿಯಿಂದ ಬಂದಿದ್ದಲ್ಲ. ಸ್ಪೇನಲ್ಲಿ ಪ್ರೆಡಿಮೆಡ್ ಅಂತ ದೊಡ್ಡ ಅಧ್ಯಯನ ಒಂದು ಆಯ್ತು, 55ರಿಂದ 80 ವಯಸ್ಸಿನ ಏಳು ಸಾವಿರಕ್ಕೂ ಜಾಸ್ತಿ ಜನ, ಸುಮಾರು ಐದು ವರ್ಷ. ಅದ್ರಲ್ಲಿ ಒಂದು ಗುಂಪಿಗೆ ದಿನಾ 30 ಗ್ರಾಂ ನಟ್ಸ್ ಕೊಟ್ರು, ಅರ್ಧ ಅಕ್ರೋಟ್, ಮಿಕ್ಕರ್ಧ ಬಾದಾಮಿ ಮತ್ತೆ ಹೇಝಲ್‌ನಟ್. ಹಾರ್ಟ್ ಅಟ್ಯಾಕು, ಸ್ಟ್ರೋಕು, ಹೃದಯದ ಕಾಯಿಲೆಯಿಂದ ಸಾವು ಇವೆಲ್ಲ ಸೇರಿಸಿ ನೋಡಿದಾಗ ಆ ಗುಂಪಲ್ಲಿ ಸುಮಾರು ಶೇ. 30 ಕಮ್ಮಿ ಇತ್ತು. 2013ರಲ್ಲಿ ಪ್ರಕಟ ಆಗಿದ್ದು, ಆಮೇಲೆ ಜನರನ್ನ ಗುಂಪು ಮಾಡಿದ ರೀತಿಯಲ್ಲೇ ತೊಂದರೆ ಇದೆ ಅಂತ ಗೊತ್ತಾಗಿ ವಾಪಸ್ ತಗೊಂಡು 2018ರಲ್ಲಿ ಲೆಕ್ಕ ಸರಿಮಾಡಿ ಮತ್ತೆ ಹಾಕಿದ್ರು, ಆಗ್ಲೂ ಫಲಿತಾಂಶ ಹೆಚ್ಚುಕಮ್ಮಿ ಅದೇ ಬಂತು. ಆದ್ರೆ ಒಂದು ನೆನಪಿಡಿ, ಅವ್ರು ಅದ್ರ ಜೊತೆಗೆ ತರಕಾರಿ, ಕಾಳು, ಮೀನು ತಿಂತಿದ್ರು, ನಾಲ್ಕು ಪೂರಿ ತಿಂದು ಮೇಲೆ ಬಾದಾಮಿ ಬಾಯಿಗೆ ಹಾಕ್ಕೊಳ್ಳೋರಿಗೆ ಈ ಲೆಕ್ಕ ಅನ್ವಯಿಸಲ್ಲ.

2. ಯಾವ್ದನ್ನ ಬಿಡ್ತೀರಿ ಅಂತ ಮೊದ್ಲೇ ತೀರ್ಮಾನ ಮಾಡಿ

ಎಲ್ರೂ ಎಡವೋದು ಇಲ್ಲೇ. 30 ಗ್ರಾಂ ನಟ್ಸ್ ಅಂದ್ರೆ ಹತ್ತಿರ ಹತ್ತಿರ 170-190 ಕ್ಯಾಲರಿ. ಮಾಮೂಲಿ ತಿನ್ನೋದೆಲ್ಲ ತಿಂದು ಇದನ್ನೂ ಮೇಲೆ ಸೇರಿಸಿದ್ರೆ ಹೊಟ್ಟೆ ಮುಂದೆ ಬರುತ್ತೆ ಅಷ್ಟೆ. ಅದಕ್ಕೆ ಸಂಜೆ ಕಾಫಿ ಜೊತೆ ತಿನ್ನೋ ಬಿಸ್ಕೆಟ್, ಖಾರ ಮಿಕ್ಸ್ಚರ್, ಚಿಪ್ಸ್ ಇದ್ಯಲ್ಲ, ಅದ್ರ ಜಾಗಕ್ಕೆ ಇದು ಬರ್ಬೇಕು. ನಿಪ್ಪಟ್ಟಲ್ಲೂ ಕಡ್ಲೆಕಾಯಿ ಇದೆ ಅಂತ ವಾದ ಮಾಡೋರು ನಮ್ಮ ಕಡೆ ತುಂಬಾ ಜನ ಇದಾರೆ, ಆಯ್ತು ಸ್ವಾಮಿ, ಆದ್ರೆ ಅದು ಮೈದಾ ಮತ್ತೆ ಕರಿದ ಎಣ್ಣೆ ಜೊತೆ ಬರುತ್ತೆ. ಕಾಂಗ್ರೆಸ್ ಕಡ್ಲೆಕಾಯಿಗೂ ಅದೇ ಮಾತು, ರುಚಿ ಬಗ್ಗೆ ಎರಡು ಮಾತಿಲ್ಲ, ಆದ್ರೆ ಉಪ್ಪು ಜಾಸ್ತಿ, ಬಿಪಿ ಇರೋರು ಅದನ್ನ ದಿನದ ಹಿಡಿ ಅಂತ ಲೆಕ್ಕ ಹಾಕ್ಬೇಡಿ.

ತೂಕದ ಭಯ ಇರೋರಿಗೆ ಒಂದು ಸಮಾಧಾನ. ಇಡೀ ಬಾದಾಮಿ ಎಷ್ಟು ಅಗಿದ್ರೂ ಅದರೊಳಗಿನ ಕೊಬ್ಬು ಪೂರ್ತಿ ನಮ್ಮ ಮೈಗೆ ಸೇರಲ್ಲ, ಸ್ವಲ್ಪ ಹಾಗೇ ಹೊರಗೆ ಹೋಗುತ್ತೆ. ಅಮೆರಿಕದ ಕೃಷಿ ಇಲಾಖೆ ವಿಜ್ಞಾನಿಗಳು 2012ರಲ್ಲಿ ಅಳೆದು ನೋಡಿದಾಗ 28 ಗ್ರಾಂ ಬಾದಾಮಿಯಿಂದ ಸಿಕ್ಕಿದ್ದು 129 ಕ್ಯಾಲರಿ, ಲೇಬಲ್ ಲೆಕ್ಕ 170ರ ಹತ್ರ ಇತ್ತು. ಬಟರ್ ತರ ನುಣ್ಣಗೆ ಅರೆದ್ರೆ ಈ ಲಾಭ ಹೋಗುತ್ತೆ, ಹಲ್ಲು ಗಟ್ಟಿ ಇರೋವರ್ಗೂ ಅಗಿದೇ ತಿನ್ನಿ.

3. ಜೇಬು ನೋಡ್ಕೊಂಡು ನಟ್ಸ್ ಆರ್ಸ್ಕೊಳಿ

ಕಡ್ಲೆಕಾಯಿ, ಉತ್ತರ ಕರ್ನಾಟಕದೋರ ಶೇಂಗಾ, ಇದು ನಿಜವಾಗಿ ನಟ್ ಅಲ್ಲ ಬೇಳೆಕಾಳಿನ ಜಾತಿ ಅಂತ ಕೆಲವ್ರು ಮೂಗು ಮುರೀತಾರೆ. ಜಾತಿ ಕಟ್ಕೊಂಡು ಏನಾಗ್ಬೇಕು, 100 ಗ್ರಾಂನಲ್ಲಿ 25 ಗ್ರಾಂ ಪ್ರೋಟೀನ್ ಇದೆ, ಬಾದಾಮಿಯಲ್ಲಿ 21. ಕೊಬ್ಬು ಎರಡರಲ್ಲೂ ಹೆಚ್ಚುಕಮ್ಮಿ 50 ಗ್ರಾಂ, ಬಹುಪಾಲು ಒಳ್ಳೇ ಕೊಬ್ಬೇ. ಬಿ ವಿಟಮಿನ್‌ಗಳಾದ ನಯಾಸಿನ್, ಫೋಲೇಟ್ ಕಡ್ಲೆಕಾಯಲ್ಲೇ ಜಾಸ್ತಿ. ಬಾದಾಮಿ ಗೆಲ್ಲೋದು ವಿಟಮಿನ್ ಇ, ಕ್ಯಾಲ್ಸಿಯಂ, ನಾರಿನಲ್ಲಿ. ರೇಟ್ ನೋಡಿದ್ರೆ ಒಂದು ಕೇಜಿ ಬಾದಾಮಿ ದುಡ್ಡಲ್ಲಿ ಮನೆಗೆಲ್ಲ ಆಗೋಷ್ಟು ಕಡ್ಲೆಕಾಯಿ ಬೀಜ ಬರುತ್ತೆ. ಅದೂ ಅಲ್ದೆ ಚಳ್ಳಕೆರೆ, ಪಾವಗಡ, ಗದಗ ಕಡೆ ಬೆಳೆಯೋ ಬೀಜ ಹೊಸದಾಗಿ ಸಿಗುತ್ತೆ, ಕ್ಯಾಲಿಫೋರ್ನಿಯಾದಿಂದ ಹಡಗಲ್ಲಿ ಬಂದು ಗೋಡೌನಲ್ಲಿ ಕೂತಿದ್ದ ಬಾದಾಮಿ ತರ ಅಲ್ಲ. ಕಾರ್ತಿಕದ ಕೊನೇ ಸೋಮವಾರ ಬಸವನಗುಡಿ ಕಡ್ಲೆಕಾಯಿ ಪರಿಷೆಗೆ ಹೋಗೋರು ಹುರಿದಿದ್ದು ತಿಂದು ಸುಮ್ನೆ ಬರ್ಬೇಡಿ, ಹಸಿ ಕಾಯಿ ಸಿಪ್ಪೆ ಸಮೇತ ತಂದು ಒಣಗಿಸಿಟ್ರೆ ತಿಂಗಳುಗಟ್ಟಲೆ ಬರುತ್ತೆ.

ಅಕ್ರೋಟ್ ವಿಷಯದಲ್ಲಿ ಮಾತ್ರ ಸ್ವಲ್ಪ ಖರ್ಚು ಮಾಡಿ ಅಂತೀನಿ. ಮೀನು ತಿನ್ನದ ಮನೆಗಳಲ್ಲಿ ಒಮೆಗಾ 3 ಅನ್ನೋ ಒಳ್ಳೇ ಕೊಬ್ಬು ಬರೋ ದಾರಿ ಕಮ್ಮಿ, ಅಕ್ರೋಟ್‌ನಲ್ಲಿ ಅದ್ರ ಸಸ್ಯರೂಪ ಇದೆ, 28 ಗ್ರಾಂಗೆ ಸುಮಾರು 2.5 ಗ್ರಾಂ. ಕಾಶ್ಮೀರದ್ದೋ ಚಿಲಿದೋ ಯಾವ್ದಾದ್ರೂ ಸರಿ, ಹೊಸದಾಗಿರ್ಬೇಕು. ದುಬಾರಿ ಅನ್ಸಿದ್ರೆ ಅಗಸೆ ಬೀಜದ ಚಟ್ನಿ ಪುಡಿ ಮಾಡ್ಕೊಳಿ, ಆ ಕೆಲಸ ಅದೂ ಮಾಡುತ್ತೆ.

ಗೋಡಂಬಿ ತಗೊಳೋವಾಗ ಡಬ್ಲ್ಯು 180, 240, 320 ಅಂತ ಬರ್ದಿರುತ್ತೆ, ಅದು ಗುಣದ ನಂಬರ್ ಅಲ್ಲ, ಒಂದು ಪೌಂಡ್‌ಗೆ ಎಷ್ಟು ಬೀಜ ಬರುತ್ತೆ ಅನ್ನೋ ಲೆಕ್ಕ. 180 ಅಂದ್ರೆ ದಪ್ಪ ಬೀಜ, ನೋಡೋಕೆ ಚೆಂದ, ರೇಟ್ ಜಾಸ್ತಿ. ತಿನ್ನೋಕೆ ಮುರಿದ ಪೀಸು, ಬೇಳೆ ಗೋಡಂಬಿ ಸಾಕು, ಪೋಷಕಾಂಶದಲ್ಲಿ ಏನೂ ವ್ಯತ್ಯಾಸ ಇಲ್ಲ. ಕರಾವಳಿಯೋರು ಮನೇಲೇ ಗೇರುಬೀಜ ಸುಲಿಯೋದಾದ್ರೆ ಹುಷಾರು, ಸಿಪ್ಪೆಯ ಎಣ್ಣೆ ತಾಗಿದ್ರೆ ಕೈ ಸುಟ್ಟು ಬೊಬ್ಬೆ ಬರುತ್ತೆ, ಸುಡೋವಾಗ ಹೊಗೆಗೂ ಮುಖ ಕೊಡ್ಬೇಡಿ. ಇನ್ನು ಮಾಮ್ರಾ ಬಾದಾಮಿ ತಿಂದ್ರೆ ಬುದ್ಧಿ ಚುರುಕಾಗುತ್ತೆ ಅಂತ ಮೂರು ಪಟ್ಟು ದುಡ್ಡು ಕೊಡೋದು ನಿಮ್ಮಿಷ್ಟ, ನಾನಂತೂ ಕೊಡಲ್ಲ.

4. ಮನೆಗೆ ತಂದ ತಕ್ಷಣ ಆರಿಸಿ

ಈ ಹೆಜ್ಜೆ ಬಿಡ್ಬೇಡಿ. ನಮ್ಮ ಅಜ್ಜಿಯರು ಕಡ್ಲೆಕಾಯಿ ಬೀಜಾನ ಮೊರಕ್ಕೆ ಹಾಕಿ ಆರಿಸ್ತಿದ್ದಿದ್ದು ಕಲ್ಲಿಗೋಸ್ಕರ ಮಾತ್ರ ಅಲ್ಲ, ಮುದುರಿದ್ದು, ಕಪ್ಪಾಗಿದ್ದು, ಬೂಷ್ಟು ಹಿಡಿದಿದ್ದು ಎಲ್ಲ ತೆಗೀತಿದ್ರು. ತೇವ ಇರೋ ಬೀಜದ ಮೇಲೆ ಬೆಳೆಯೋ ಒಂದು ಜಾತಿ ಬೂಷ್ಟು ಅಫ್ಲಾಟಾಕ್ಸಿನ್ ಅನ್ನೋ ವಿಷ ಬಿಡುತ್ತೆ, ವರ್ಷಗಟ್ಟಲೆ ಹೊಟ್ಟೆಗೆ ಹೋದ್ರೆ ಲಿವರ್ ಕ್ಯಾನ್ಸರ್ ಅಪಾಯ ಹೆಚ್ಚಾಗುತ್ತೆ. ಇದು ಗೊತ್ತಾಗಿದ್ದೇ 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಮೇಲೆ ಟರ್ಕಿ ಕೋಳಿಗಳು ಸತ್ತಾಗ, ಕಾರಣ ಹುಡುಕಿದ್ರೆ ಬ್ರೆಜಿಲ್‌ನಿಂದ ತರಿಸಿದ್ದ ಬೂಷ್ಟು ಹಿಡಿದ ಕಡ್ಲೆಕಾಯಿ ಹಿಂಡಿ. ಹುರಿದ್ರೆ ಈ ವಿಷ ಸ್ವಲ್ಪ ಕಮ್ಮಿ ಆಗ್ಬೋದು, ಪೂರ್ತಿ ಹೋಗಲ್ಲ. ಆದ್ರಿಂದ ಅನುಮಾನ ಬಂದ ಬೀಜ ಬಿಸಾಕಿ, ತಿನ್ನೋವಾಗ ಒಂದು ಕಹಿ ಬೀಜ ಸಿಕ್ರೆ ನುಂಗದೆ ಉಗೀರಿ, ಯಾರೇನಾದ್ರೂ ಅನ್ಕೊಳ್ಳಲಿ. ಎಷ್ಟು ಕಮ್ಮಿ ರೇಟಿಗೆ ಕೊಟ್ರೂ ಮುಗ್ಗಲು ವಾಸನೆ ಇರೋ ಚೀಲ ಮುಟ್ಬೇಡಿ.

5. ಎತ್ತಿಡೋದು, ನೆನೆಸೋದು

ಗಾಳಿ ಆಡದ ಸ್ಟೀಲ್ ಡಬ್ಬಿ ಅಥವಾ ಗಾಜಿನ ಬಾಟ್ಲು, ಒಲೆಯಿಂದ ದೂರ. ಅಕ್ರೋಟ್ ಮಾತ್ರ ಫ್ರಿಡ್ಜಿಗೇ ಹೋಗ್ಬೇಕು, ಅದ್ರ ಎಣ್ಣೆ ಬೇಗ ಕೆಡುತ್ತೆ, ಕಮಟು ವಾಸನೆ ಬಂತು ಅಂದ್ರೆ ಮುಗೀತು. ಮಲೆನಾಡು, ಕರಾವಳಿಯಲ್ಲಿ ಮಳೆಗಾಲಕ್ಕೆ ಕೇಜಿಗಟ್ಟಲೆ ತಂದಿಡೋ ಆಸೆ ಬೇಡ, ಹದಿನೈದು ದಿನಕ್ಕೆ ಆಗೋಷ್ಟು ತನ್ನಿ.

ಬಾದಾಮಿ ರಾತ್ರಿ ನೆನೆಸಿ ಸಿಪ್ಪೆ ತೆಗೆದೇ ತಿನ್ಬೇಕಾ ಅಂತ ಕೇಳ್ತಾರೆ. ಬೇಕಿಲ್ಲ. ನೆನೆಸಿದ್ರೆ ಮೆತ್ತಗಾಗುತ್ತೆ, ವಯಸ್ಸಾದೋರಿಗೆ ಅಗಿಯೋಕೆ ಸುಲಭ, ಅಷ್ಟೇ. ಖನಿಜಾಂಶ ಮೈಗೆ ಹತ್ತೋಕೆ ಅಡ್ಡ ಬರೋ ಫೈಟೇಟ್ ನೆನೆಸೋದ್ರಿಂದ ಹೇಳ್ಕೊಳ್ಳೋ ಅಷ್ಟೇನೂ ಕಮ್ಮಿ ಆಗಲ್ಲ ಅಂತ ನ್ಯೂಜಿಲೆಂಡಿನ ಒಟಾಗೋ ಯೂನಿವರ್ಸಿಟಿಯವರು 2020ರಲ್ಲಿ ತೋರ್ಸಿದಾರೆ. ಸಿಪ್ಪೆಯಲ್ಲಿ ನಾರಿದೆ, ಕಂದು ಬಣ್ಣ ಕೊಡೋ ಒಳ್ಳೇ ಅಂಶಗಳಿವೆ, ಸುಮ್ನೆ ಯಾಕೆ ಕಸಕ್ಕೆ. ಕಡ್ಲೆಕಾಯೀನ ಸಣ್ಣ ಉರೀಲಿ ಬಾಣಲೆಗೆ ಹಾಕಿ ಹುರಿದ್ರೂ ಸರಿ, ಕುಕ್ಕರಲ್ಲಿ ಬೇಯಿಸಿದ್ರೂ ಸರಿ, ಬೇಯಿಸೋ ನೀರಿಗೆ ಉಪ್ಪು ಮಾತ್ರ ಕೈ ಹಿಡಿದು ಹಾಕಿ.

6. ಬೆರ್ರಿ ವಿಷಯಕ್ಕೆ ಬರೋಣ, ಸೀಸನ್ ಹಿಡ್ಕೊಂಡು ತಿನ್ನಿ

ಬ್ಲೂಬೆರ್ರಿಗೆ ಅಷ್ಟು ಹೆಸರು ಬಂದಿದ್ದು ಅದ್ರ ನೀಲಿ ಬಣ್ಣದಿಂದ. ಆ ಬಣ್ಣ ಕೊಡೋದು ಆಂಥೋಸಯನಿನ್ ಅನ್ನೋ ಗುಂಪಿನ ವಸ್ತುಗಳು. ಅಮೆರಿಕದಲ್ಲಿ ಸುಮಾರು 93 ಸಾವಿರ ನರ್ಸ್‌ಗಳ ಊಟದ ಲೆಕ್ಕ 18 ವರ್ಷ ಇಟ್ಟಾಗ, ಇದನ್ನ ಜಾಸ್ತಿ ತಿಂದೋರಲ್ಲಿ ಹಾರ್ಟ್ ಅಟ್ಯಾಕ್ ಶೇ. 32 ಕಮ್ಮಿ ಕಂಡಿತ್ತು, 2013ರ ವರದಿ ಅದು. ಬೆರ್ರಿ ತಿನ್ನೋರು ಸಾಮಾನ್ಯವಾಗಿ ವಾಕಿಂಗೂ ಮಾಡ್ತಾರೆ, ಸಿಗರೇಟೂ ಸೇದಲ್ಲ. ಅವನ್ನೆಲ್ಲ ಲೆಕ್ಕ ಹಾಕಿ ಕಳೆದ್ರೂ ಇಂಥ ಅಧ್ಯಯನದಿಂದ ಹಣ್ಣೇ ಕಾರಣ ಅಂತ ಗ್ಯಾರಂಟಿ ಹೇಳೋಕಾಗಲ್ಲ. ಇರ್ಲಿ, ನಮಗೆ ಬೇಕಾಗಿರೋದು ಏನಂದ್ರೆ ನೇರಳೆ ಹಣ್ಣು ತಿಂದಾಗ ನಾಲಿಗೆ ನೀಲಿ ಆಗುತ್ತಲ್ಲ, ಅದೂ ಇದೇ ಆಂಥೋಸಯನಿನ್ನೇ.

ನೇರಳೆ ಬರೋದು ಮೇ ಕೊನೆಯಿಂದ ಜುಲೈವರ್ಗೂ. ತಳ್ಳೋ ಗಾಡೀಲಿ ತಗೊಂಡ್ರೆ ಗಟ್ಟಿಯಾಗಿ ಕಪ್ಪಗಿರೋದು ನೋಡಿ ತಗೊಳಿ, ತಿನ್ನೋ ಮುಂಚೆ ಹರಿಯೋ ನೀರಲ್ಲಿ ತೊಳೀರಿ, ಮುಂಚೇನೇ ತೊಳೆದಿಟ್ರೆ ಬೇಗ ಕೊಳೆಯುತ್ತೆ. ಒಂದು ಸಲಕ್ಕೆ 100 ಗ್ರಾಂ ಸಾಕು, ಚಿಟಿಕೆ ಉಪ್ಪು ಉದುರಿಸ್ಕೊಂಡ್ರೆ ಗಂಟಲು ಒಗರು ಒಗರು ಅನ್ಸಲ್ಲ. ಮರದ ಕೆಳಗೆ ಬಿದ್ದಿದ್ದು ಆರಿಸೋರು ಹಕ್ಕಿ ಬಾವಲಿ ಕಚ್ಚಿದ ಗುರುತು ಇರೋದನ್ನ ಬಿಡಿ, 2018ರಲ್ಲಿ ಪಕ್ಕದ ಕೇರಳದ ಕೋಳಿಕೋಡಿನಲ್ಲಿ ಬಾವಲಿಯಿಂದ ಹರಡೋ ನಿಪಾ ವೈರಸ್ ಬಂದ ಮೇಲಂತೂ ಇದ್ರಲ್ಲಿ ರಾಜಿ ಬೇಡ. ಮಕ್ಕಳನ್ನ ಮರ ಹತ್ತಿಸ್ಬೇಡಿ, ನೇರಳೆ ಕೊಂಬೆ ಲಟಕ್ಕಂತ ಮುರಿಯುತ್ತೆ. ಶುಗರ್ ಇರೋರು ಹಣ್ಣು ತಿನ್ಬೋದು, ಆದ್ರೆ ನೇರಳೆ ಬೀಜದ ಪುಡಿ ತಗೊಂಡು ಮಾತ್ರೆ ಬಿಡೋದು ಅಪಾಯ, ಮಾತ್ರೆ ನಿಲ್ಲಿಸೋ ಅಷ್ಟು ಪುರಾವೆ ಅದಕ್ಕಿಲ್ಲ. ಸೀಸನ್ನಲ್ಲಿ ಜಾಸ್ತಿ ಸಿಕ್ರೆ ತೊಳೆದು, ಒರೆಸಿ, ಬೀಜ ಬಿಡಿಸಿ ಫ್ರೀಜರ್‌ಗೆ ಹಾಕಿ, ಆಮೇಲೆ ಮಜ್ಜಿಗೆ ಜೊತೆ ಮಿಕ್ಸಿಗೆ ಹಾಕ್ಬೋದು.

ಚಳಿಗಾಲ ಬಂದ್ರೆ ಬೆಟ್ಟದ ನೆಲ್ಲಿಕಾಯಿ. ವಿಟಮಿನ್ ಸಿ ಕಿತ್ತಳೆಗಿಂತ ಕನಿಷ್ಠ ನಾಲ್ಕೈದು ಪಟ್ಟು, ದಿನಕ್ಕೆ ಒಂದು ಕಾಯಿ ತಿಂದ್ರೆ ಧಾರಾಳ ಆಯ್ತು. ಆದ್ರೆ ಜಾಸ್ತಿ ಹೊತ್ತು ಬೇಯಿಸಿದ್ರೆ ಅದು ಕಮ್ಮಿ ಆಗುತ್ತೆ, ಉಪ್ಪಿನಕಾಯಿ ಹಾಕಿದ್ರೆ ಉಪ್ಪು, ಮುರಬ್ಬ ಕ್ಯಾಂಡಿ ಮಾಡಿದ್ರೆ ಸಕ್ಕರೆ. ಹಸಿದೇ ಹೆಚ್ಚಿ ಉಪ್ಪು ಖಾರ ಹಾಕ್ಕೊಂಡು ತಿನ್ನೋದು, ಇಲ್ಲ ತುರಿದು ತಂಬುಳಿ ಮಾಡೋದು ಬೆಸ್ಟು. ಇದೇ ಸಮಯಕ್ಕೆ ಯಲಚಿ ಹಣ್ಣು, ಹುಬ್ಬಳ್ಳಿ ಧಾರವಾಡದ ಬಾರಿ ಹಣ್ಣು ಬರುತ್ತೆ. ಸಂಕ್ರಾಂತಿಗೆ ಮಕ್ಕಳ ತಲೆ ಮೇಲೆ ಸುರಿದು ಮರೆತುಬಿಡೋ ಬದ್ಲು ಒಂದಿಷ್ಟು ಹೊಟ್ಟೆಗೂ ಹೋಗ್ಲಿ. ಮಹಾಬಲೇಶ್ವರದ ಸ್ಟ್ರಾಬೆರ್ರಿ ಕೂಡ ಚಳಿಗಾಲದಿಂದ ಮಾರ್ಚ್‌ವರ್ಗೂ ಪರವಾಗಿಲ್ಲ ಅನ್ನೋ ರೇಟಿಗೆ ಸಿಗುತ್ತೆ, ಚೆನ್ನಾಗಿ ತೊಳೆದು ತಿನ್ನಿ. ಬೇಸಿಗೇಲಿ ಮಲೆನಾಡಿನೋರಿಗೆ ಕವಳಿ ಹಣ್ಣು ಇದ್ದೇ ಇದೆ, ಪೂರ್ತಿ ಕಪ್ಪಾದ ಮೇಲೆ ಕೀಳಿ, ಕಾಯಲ್ಲಿ ಸೊನೆ ಜಾಸ್ತಿ. ರಾಮನಗರ, ಕೋಲಾರ ಕಡೆ ಇರೋರು ಹಿಪ್ಪುನೇರಳೆ ಹಣ್ಣು ಸಿಕ್ರೆ ಅವತ್ತೇ ತಿಂದು ಮುಗಿಸಿ, ಮಾರನೇ ದಿನಕ್ಕೆ ಉಳಿಯಲ್ಲ.

ಅಮೆರಿಕ, ಇಂಗ್ಲೆಂಡಲ್ಲಿರೋ ನಮ್ಮೋರು ಇದನ್ನ ಓದ್ತಿದ್ರೆ ನಿಮಗೆ ಲೆಕ್ಕ ಉಲ್ಟಾ. ಅಲ್ಲಿ ಫ್ರೋಜನ್ ಬ್ಲೂಬೆರ್ರಿ ದೊಡ್ಡ ಬ್ಯಾಗು ಫ್ರೆಶ್‌ಗಿಂತ ಕಮ್ಮಿ ರೇಟು, ಪೋಷಕಾಂಶ ಹೆಚ್ಚುಕಮ್ಮಿ ಅಷ್ಟೇ, ಇಂಡಿಯನ್ ಸ್ಟೋರಲ್ಲಿ ನೇರಳೆ ಹುಡುಕ್ತಾ ಕೂರ್ಬೇಡಿ. ಆಗಸ್ಟ್ ಸೆಪ್ಟೆಂಬರ್‌ನಲ್ಲಿ ಇಂಗ್ಲೆಂಡಿನ ಕಾಲುದಾರಿ ಬೇಲಿಗಳಲ್ಲಿ ಬ್ಲ್ಯಾಕ್‌ಬೆರ್ರಿ ಬಿಟ್ಟಿಯಾಗೇ ಸಿಗುತ್ತೆ. ಎಲ್ಲೇ ಇರಿ, ಒಣಗಿಸಿದ ಕ್ರ್ಯಾನ್‌ಬೆರ್ರಿ ಬ್ಲೂಬೆರ್ರಿ ಪ್ಯಾಕೆಟ್ ಹಿಂದೆ ತಿರುಗಿಸಿ ಓದಿ, ಸಕ್ಕರೆ ಎರಡನೇ ಹೆಸರಾಗಿ ಇದ್ರೆ ಅದು ಮಿಠಾಯಿ.

7. ಅಡುಗೆಯಲ್ಲೇ ಸೇರಿಸಿ

ಬೇರೆ ಟೈಮ್ ಇಟ್ಟು ತಿನ್ನೋ ಅಭ್ಯಾಸ ಹೆಚ್ಚು ದಿನ ನಡೆಯಲ್ಲ, ಊಟದಲ್ಲೇ ಬಂದ್ರೆ ತಾನಾಗೇ ನಡೆಯುತ್ತೆ. ನಂಗೆ ತುಂಬಾ ಇಷ್ಟದ ಉದಾಹರಣೆ ನೆಲ್ಲಿಕಾಯಿ ಚಿತ್ರಾನ್ನ. ಒಗ್ಗರಣೆಗೆ ಸಾಸಿವೆ, ಕರಿಬೇವು, ಹಸಿಮೆಣಸಿನಕಾಯಿ, ಕೈತುಂಬ ಕಡ್ಲೆಕಾಯಿ ಬೀಜ, ಅರಿಶಿನ ಹಾಕಿ, ಒಲೆ ಆರಿಸಿದ ಮೇಲೆ ತುರಿದ ನೆಲ್ಲಿಕಾಯಿ ಸೇರಿಸಿ ಅನ್ನ ಕಲಸೋದು, ಹೀಗೆ ಮಾಡಿದ್ರೆ ವಿಟಮಿನ್ ಸಿ ಉಳಿಯುತ್ತೆ, ಕಡ್ಲೆಕಾಯಲ್ಲಿರೋ ಕಬ್ಬಿಣದ ಅಂಶ ಮೈಗೆ ಹತ್ತೋಕೂ ಅದೇ ಸಹಾಯ ಮಾಡುತ್ತೆ. ರಕ್ತಹೀನತೆ ಇರೋ ಹೆಣ್ಮಕ್ಕಳಿಗೆ ಇದು ನಿಜವಾಗ್ಲೂ ಉಪಯೋಗದ ತಿಂಡಿ, ತಿಂದ ತಕ್ಷಣ ಕಾಫಿ ಟೀ ಮಾತ್ರ ಬೇಡ, ಒಂದು ಗಂಟೆ ತಡೀರಿ.

ಜೋಳದ ರೊಟ್ಟಿಗೆ ಶೇಂಗಾ ಹಿಂಡಿ ಮತ್ತೆ ಮೊಸರು, ಕೋಸಂಬರಿಗೆ ಪುಡಿ ಮಾಡಿದ ಕಡ್ಲೆಕಾಯಿ, ತೊಂಡೆಕಾಯಿ ಪಲ್ಯಕ್ಕೆ ಹಸಿ ಗೇರುಬೀಜ, ರಾಗಿ ಗಂಜಿಗೆ ಬಾದಾಮಿ ಪುಡಿ, ಇವೆಲ್ಲ ಹೇಳಿಕೊಡೋ ಅಗತ್ಯ ಇಲ್ಲ. ಡ್ರೈಫ್ರೂಟ್ ಉಂಡೆಗೆ ಸಕ್ಕರೆ ಹಾಕಿಲ್ಲ ಅಂತ ಮೂರು ಮೂರು ತಿನ್ಬೇಡಿ, ಖರ್ಜೂರದಲ್ಲಿರೋದೂ ಸಕ್ಕರೇನೇ. ಪೀನಟ್ ಬಟರ್ ತರೋದಾದ್ರೆ ಪಟ್ಟೀಲಿ ಕಡ್ಲೆಕಾಯಿ ಬಿಟ್ರೆ ಜಾಸ್ತಿ ಅಂದ್ರೆ ಉಪ್ಪು ಇರ್ಲಿ, ಅಷ್ಟೆ.

8. ಯಾರು ಹುಷಾರಾಗಿರ್ಬೇಕು

ಐದು ವರ್ಷದೊಳಗಿನ ಮಕ್ಕಳಿಗೆ ಇಡೀ ಬೀಜ ಕೊಡ್ಲೇಬೇಡಿ, ಕಡ್ಲೆಕಾಯಿ ಬೀಜ ಉಸಿರಿನ ಕೊಳವೆಗೆ ಸಿಕ್ಕಿ ಆಸ್ಪತ್ರೆಗೆ ಓಡೋ ಕೇಸು ತುಂಬಾ ಇವೆ. ಹಾಗಂತ ದೂರ ಇಡೋದೂ ಬೇಡ. ಅಲರ್ಜಿ ಅಪಾಯ ಜಾಸ್ತಿ ಇದ್ದ 640 ಕೂಸುಗಳ ಮೇಲೆ ಲಂಡನ್ನಿನಲ್ಲಿ ನಡೆದ ಅಧ್ಯಯನ 2015ರಲ್ಲಿ ಬಂತು, ಮೊದಲ ವರ್ಷದಲ್ಲೇ ಕಡ್ಲೆಕಾಯಿ ಶುರು ಮಾಡಿದ ಮಕ್ಕಳಲ್ಲಿ ಅಲರ್ಜಿ ಸುಮಾರು ಶೇ. 80 ಕಮ್ಮಿ ಇತ್ತು. ಅದಕ್ಕೆ ಆರು ತಿಂಗಳಾದ ಮೇಲೆ ರಾಗಿ ಸರಿಯಲ್ಲಿ ನುಣ್ಣಗೆ ಅರೆದು ತೆಳುವಾಗಿ ಕೊಡ್ಬೋದು. ಮಗುಗೆ ಜೋರಾದ ಎಕ್ಸಿಮಾ (ತುರಿಕೆ ಬರೋ ಚರ್ಮದ ಕಾಯಿಲೆ) ಅಥವಾ ಮೊಟ್ಟೆ ಅಲರ್ಜಿ ಇದ್ರೆ ಡಾಕ್ಟರನ್ನ ಕೇಳಿ ಆಮೇಲೆ. ಯಾರಿಗೇ ಆಗ್ಲಿ ತಿಂದ ಸ್ವಲ್ಪ ಹೊತ್ತಿಗೆ ಮೈಮೇಲೆ ಗಂದೆ, ತುಟಿ ಊತ, ಉಸಿರಾಟ ಕಷ್ಟ ಅಂದ್ರೆ ಮನೆಮದ್ದು ಹುಡುಕದೆ 108ಕ್ಕೆ ಫೋನ್ ಮಾಡಿ. ಗೋಡಂಬಿ ಅಲರ್ಜಿ ಇರೋರಿಗೆ ಸಾಮಾನ್ಯವಾಗಿ ಪಿಸ್ತಾನೂ ಆಗಲ್ಲ.

ಕಿಡ್ನಿ ಸ್ಟೋನ್ ಆಗಿ ಆಕ್ಸಲೇಟ್ ಕಲ್ಲು ಅಂತ ಹೇಳಿಸ್ಕೊಂಡಿರೋರು ಬಾದಾಮಿ ಗೋಡಂಬಿ ಕಮ್ಮಿ ಮಾಡಿ. ಕಿಡ್ನಿ ವೀಕ್ ಇರೋರಿಗೆ ಪೊಟ್ಯಾಸಿಯಂ, ರಂಜಕದ ಲೆಕ್ಕ ಬರುತ್ತೆ, ಡಾಕ್ಟರ್ ಹೇಳಿದ ಅಳತೆ ಮೀರ್ಬೇಡಿ. ರಕ್ತ ತೆಳು ಮಾಡೋ ವಾರ್ಫರಿನ್ ಮಾತ್ರೆ ತಗೊಳೋರು ಕ್ರ್ಯಾನ್‌ಬೆರ್ರಿ ಜ್ಯೂಸ್, ಕ್ಯಾಪ್ಸೂಲ್ ಶುರು ಮಾಡೋ ಮುಂಚೆ ಕೇಳಿ.

9. ಮೂರು ತಿಂಗಳಾದ್ಮೇಲೆ ಟೆಸ್ಟ್ ಮಾಡಿಸಿ

ಕೊಲೆಸ್ಟ್ರಾಲ್ ಜಾಸ್ತಿ ಇರೋರು ಶುರು ಮಾಡೋ ಮುಂಚೆ ಒಂದು ಲಿಪಿಡ್ ಪ್ರೊಫೈಲ್ (ಕೊಲೆಸ್ಟ್ರಾಲ್ ನೋಡೋ ರಕ್ತಪರೀಕ್ಷೆ), ಮೂರು ತಿಂಗಳಿಗೆ ಇನ್ನೊಂದು, ಅದೇ ಲ್ಯಾಬಲ್ಲಿ. ನಿರೀಕ್ಷೆ ಮಿತಿಯಲ್ಲಿರ್ಲಿ. 25 ಅಧ್ಯಯನಗಳನ್ನ ಸೇರಿಸಿ 2010ರಲ್ಲಿ ಲೆಕ್ಕ ಹಾಕಿದಾಗ ದಿನಾ ಸರಾಸರಿ 67 ಗ್ರಾಂ ನಟ್ಸ್ ತಿಂದೋರಲ್ಲಿ ಕೆಟ್ಟ ಕೊಲೆಸ್ಟ್ರಾಲ್ ಅಂದ್ರೆ ಎಲ್‌ಡಿಎಲ್ ಹತ್ತು ಪಾಯಿಂಟ್ ಇಳಿದಿತ್ತು, ಶೇಕಡ ಏಳರ ಹತ್ರ. ನೀವು ತಿನ್ನೋದು ಅದ್ರ ಅರ್ಧ, ಆದ್ರಿಂದ ನಾಲ್ಕೈದು ಪಾಯಿಂಟ್ ಇಳಿದ್ರೂ ಅದು ಈ ಹಿಡಿಯ ಕೆಲಸಾನೇ ಇರ್ಬೋದು, ಬಿಸ್ಕೆಟ್ ಮಿಕ್ಸ್ಚರ್ ಬಿಟ್ಟಿದ್ರಿಂದ ರಕ್ತದಲ್ಲಿರೋ ಇನ್ನೊಂದು ಕೊಬ್ಬು ಟ್ರೈಗ್ಲಿಸರೈಡ್ ಕೂಡ ಇಳಿದಿರ್ಬೋದು. ರಿಪೋರ್ಟ್ ತಗೊಂಡು ಹೋಗಿ ಡಾಕ್ಟರಿಗೆ ತೋರ್ಸಿ, ಮಾತ್ರೆ ಕಮ್ಮಿ ಮಾಡೋದೋ ಬಿಡೋದೋ ಅವ್ರು ಹೇಳ್ತಾರೆ, ಅಲ್ಲಿವರ್ಗೂ ಕೊಲೆಸ್ಟ್ರಾಲ್ ಇಳಿಸೋ ಸ್ಟ್ಯಾಟಿನ್ ಮಾತ್ರೆ ಬಿಡ್ಬೇಡಿ.